ಯಾಕೆ ಸುರಕ್ಷಿತ ಎಂಬ ಒಂದು ಸಾಲು

ಜನವರಿ 6, ಸೋಮವಾರ

ಇದನ್ನು ನಾನು ಇಷ್ಟಪಟ್ಟು ಬರೆಯುತ್ತಿಲ್ಲ. ಬಿ.ಪಿ. ನೂರ ಅರವತ್ತೆಂಟು ಇದೆ. ಮಾತ್ರೆಯ ಜೊತೆಗೆ ಡಾಕ್ಟರು ಇದನ್ನೂ ಹೇಳಿದ್ದಾರೆ: "ಸಿಟ್ಟು ಬಂದಾಗ ಎದುರಿಗೆ ಇದ್ದೋರ ಮೇಲೆ ಹಾಕ್ಬೇಡಿ, ಒಂದು ಪುಸ್ತಕದಲ್ಲಿ ಬರೆದು ಮುಚ್ಚಿಡಿ." ಬೇರಿಂಗ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಮನೆಯಲ್ಲಿತ್ತು. ಮೊದಲ ಪುಟದಲ್ಲಿ ವೈಯಕ್ತಿಕ ವಿವರ ತುಂಬಲು ಗೆರೆಗಳಿವೆ. ತುಂಬಿದ್ದೇನೆ. ಹೆಸರು ಸಂಗಮೇಶ್. ವಯಸ್ಸು ಐವತ್ತೊಂದು. ಊರು ರಾಣೆಬೆನ್ನೂರು, ವಾಸ ಬಾಗಲಗುಂಟೆಯ ಅಪಾರ್ಟ್‌ಮೆಂಟು. ಉದ್ಯೋಗ ಎಂಬಲ್ಲಿ "ಚೀಫ್ ಸಾಫ್ಟ್‌ವೇರ್ ಇಂಜಿನಿಯರ್" ಎಂದು ಬರೆದೆ. ಗೆರೆ ಸಾಲದೆ ಕೊನೆಯ ಎರಡಕ್ಷರ ರಕ್ತದ ಗುಂಪಿನ ಮೇಲೆ ಹತ್ತಿವೆ.

ಇವತ್ತಿನ ಸಿಟ್ಟು ಹೀಗಿದೆ. ಪೀಣ್ಯ ಎರಡನೇ ಹಂತದ ನಮ್ಮ ಕಂಪನಿ ತಗಡು ಒತ್ತುವ ಪ್ರೆಸ್ ಯಂತ್ರಗಳಿಗೆ ಕಂಟ್ರೋಲ್ ಪೆಟ್ಟಿಗೆ ಮಾಡುತ್ತದೆ. ಆಪರೇಟರ್ ಕೈ ಒಳಗಿರುವಾಗ ಪ್ರೆಸ್ ಇಳಿಯದಂತೆ ನೋಡಿಕೊಳ್ಳುವುದೇ ಆ ಪೆಟ್ಟಿಗೆಯ ಕೆಲಸ. ಅದರೊಳಗಿನ ಪ್ರೋಗ್ರಾಂ ನನ್ನದು. ಹನ್ನೆರಡು ವರ್ಷದ ಹಿಂದೆ ಸಿ ಭಾಷೆಯಲ್ಲಿ, ಒಬ್ಬನೇ ಕೂತು, ಏಳು ತಿಂಗಳಲ್ಲಿ ಬರೆದದ್ದು. ನಾಲ್ಕು ನೂರಕ್ಕೂ ಹೆಚ್ಚು ಪೆಟ್ಟಿಗೆಗಳು ಓಡುತ್ತಿವೆ. ಒಂದು ದಿನವೂ ಕೆಟ್ಟಿಲ್ಲ.

ಅದನ್ನು ಈಗ ರಸ್ಟ್, ಅಂದರೆ ತುಕ್ಕು, ಎಂಬ ಹೊಸ ಭಾಷೆಯಲ್ಲಿ ಮತ್ತೆ ಬರೆಯಬೇಕಂತೆ. ನಮ್ಮ ಎಂ.ಡಿ. ಶಿವರಾಜ್ ಮೀಟಿಂಗಿನಲ್ಲಿ ಹೇಳಿದರು: "ಪುಣೆ ಪಾರ್ಟಿ ಕೇಳ್ತಿದಾರೆ ಸಂಗಮೇಶ್. ಬ್ರೋಷರ್‌ನಲ್ಲಿ ಒಂದು ಸಾಲು ಇರ್ಲಿ, ಸೇಫ್ ಭಾಷೆ ಅಂತ." ಪೀಣ್ಯದಲ್ಲಿ ತುಕ್ಕು ಹಿಡಿಯಬಾರದೆಂದು ಎಲ್ಲದಕ್ಕೂ ಎಣ್ಣೆ ಹಚ್ಚುತ್ತೇವೆ, ಸಾಫ್ಟ್‌ವೇರನ್ನು ಮಾತ್ರ ತುಕ್ಕಿನಲ್ಲೇ ಮಾಡಬೇಕು. ನನಗೆ ಕಲಿಸಲು ವೈಟ್‌ಫೀಲ್ಡಿನ ಕಂಪನಿಯೊಂದರಿಂದ ಸ್ಪೂರ್ತಿ ಎಂಬ ಹುಡುಗಿಯನ್ನು ಕರೆತಂದಿದ್ದಾರೆ. ಮೂವತ್ತನಾಲ್ಕು ವರ್ಷ. ನನಗೆ, ಕಲಿಸಲು.

ಜನವರಿ 8, ಬುಧವಾರ

ಗದಿಗೆಪ್ಪನವರ ಕಾರ್ಖಾನೆಯಲ್ಲಿ ನಿನ್ನೆ ಅಪಘಾತವಾಗಿದೆ. ಅವರು ನಮ್ಮ ಹಳೆಯ ಗಿರಾಕಿ, ಎರಡು ರಸ್ತೆ ಆಚೆ. ಪ್ರೆಸ್ಸಿನಲ್ಲಿ ಒಬ್ಬ ಹೆಂಗಸಿನ ಎಡಗೈಯ ಎರಡು ಬೆರಳು ಹೋಗಿವೆ. ಪಾಪ. ಆದರೆ ಕೈ ಹಾಕಬಾರದ ಹೊತ್ತಿನಲ್ಲಿ ಕೈ ಹಾಕಿದರೆ ಯಾರೇನು ಮಾಡಲಾದೀತು?

ಪೆಟ್ಟಿಗೆಯಲ್ಲಿ ದೋಷವಿಲ್ಲ ಎಂದು ಅವರಿಗೆ ನಮ್ಮಿಂದ ಪತ್ರ ಬೇಕಿತ್ತು. ಹತ್ತು ನಿಮಿಷದಲ್ಲಿ ಬರೆದು ಸಹಿ ಹಾಕಿ ಕಳಿಸಿದೆ. ಅಲ್ಲಿನ ಸೂಪರ್‌ವೈಸರ್ ಫೋನಿನಲ್ಲಿ, "ಪ್ರೆಸ್ ಇಳಿಯೋವಾಗ ಕೆಂಪು ದೀಪ ಉರೀತಿತ್ತು ಅಂತಾಳೆ ಸಾರ್ ಆಕೆ" ಎಂದ. ಕೆಂಪು ದೀಪವೆಂದರೆ ಕೈ ಒಳಗಿದೆ ಎಂದರ್ಥ. ಆ ದೀಪ ಉರಿಯುವಾಗ ನನ್ನ ಪ್ರೋಗ್ರಾಂ ಪ್ರೆಸ್ಸನ್ನು ಇಳಿಸುವುದಿಲ್ಲ. "ಅಷ್ಟು ನೋವಿನಲ್ಲಿ ಎಲ್ಲಾ ಕೆಂಪಾಗೇ ಕಾಣುತ್ತೆ ಕಣಪ್ಪಾ" ಎಂದೆ. ಅವನು ನಕ್ಕ.

ಊಟಕ್ಕೆ ಮೆಂತ್ಯ ಪಲ್ಯ. ಉಪ್ಪಿಲ್ಲ. ಬಿ.ಪಿ. ನನಗೆ ಬಂದದ್ದು, ಶಿಕ್ಷೆ ಮೆಂತ್ಯಕ್ಕೆ.

ಜನವರಿ 15, ಬುಧವಾರ

ಸಂಕ್ರಾಂತಿ ಮುಗಿಯಿತು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕೆಂದು ನೀಲಾಂಬಿಕಾ ಬೆಳಿಗ್ಗೆಯೇ ಹೇಳಿದ್ದಳು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಹೇಳಿದ್ದನ್ನು ಬಿಟ್ಟುಬಿಡುವವಳಲ್ಲ. ಪ್ರಯತ್ನಿಸಿದೆ. ಹನ್ನೊಂದು ಗಂಟೆಯವರೆಗೆ ನಡೆಯಿತು.

ಈ ಭಾಷೆಯ ಕಂಪೈಲರ್ ವಿಚಿತ್ರ ಪ್ರಾಣಿ. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವುದಷ್ಟೇ ಕಂಪೈಲರಿನ ಕೆಲಸ. ಸಿ ಭಾಷೆಯದು ವಿನಯವಂತ, ಮೂವತ್ತು ವರ್ಷದಲ್ಲಿ ನನಗೆ ಎದುರಾಡಿಲ್ಲ. ಇದು ಓದಿ, ತಪ್ಪು ತೋರಿಸಿ, ಬಾಣದ ಗುರುತು ಹಾಕಿ, ಕೆಳಗೆ ಉಪದೇಶವನ್ನೂ ಕೊಡುತ್ತದೆ.

ನನ್ನ ಪ್ರೋಗ್ರಾಮಿನಲ್ಲಿ ಎರಡು ಥ್ರೆಡ್‌ಗಳಿವೆ, ಅಂದರೆ ಏಕಕಾಲಕ್ಕೆ ಓಡುವ ಎರಡು ಕೆಲಸಗಳು. ಪ್ರೆಸ್ಸಿನ ಬಾಯಿಗೆ ಅಡ್ಡಲಾಗಿ ಬೆಳಕಿನ ಕಿರಣಗಳ ಪರದೆ ಇದೆ. ಒಂದು ಥ್ರೆಡ್ ಅದನ್ನು ನೋಡುತ್ತಾ "ಕೈ ಇದೆ", "ಕೈ ಇಲ್ಲ" ಎಂದು ಒಂದು ಜಾಗದಲ್ಲಿ ಬರೆಯುತ್ತದೆ. ಇನ್ನೊಂದು ಅದೇ ಜಾಗವನ್ನು ಓದಿ ಪ್ರೆಸ್ಸನ್ನು ಇಳಿಸುತ್ತದೆ. ಒಬ್ಬ ಬರೆಯುವವ, ಒಬ್ಬ ಓದುವವ. ಇಷ್ಟಕ್ಕೆ ಕಂಪೈಲರ್ ಹೇಳುತ್ತದೆ: ಈ ಮಾಹಿತಿಯನ್ನು ಎರಡು ಥ್ರೆಡ್‌ಗಳ ನಡುವೆ ಸುರಕ್ಷಿತವಾಗಿ ಹಂಚಿಕೊಳ್ಳಲು ಬರುವುದಿಲ್ಲ. ಹನ್ನೆರಡು ವರ್ಷದಿಂದ ನಾಲ್ಕು ನೂರು ಪೆಟ್ಟಿಗೆಗಳಲ್ಲಿ ಹಂಚಿಕೊಳ್ಳುತ್ತಿದ್ದೇನೆ ಎಂದು ಕಂಪ್ಯೂಟರಿನ ಮುಖ ನೋಡಿಕೊಂಡು ಜೋರಾಗಿಯೇ ಹೇಳಿದೆ. ಪಕ್ಕದ ಟೇಬಲಿನವರು ಎದ್ದು ಟೀಗೆ ಹೋದರು.

ಜನವರಿ 20, ಸೋಮವಾರ

ಮೂವತ್ತೊಂದು ತಪ್ಪು.

ಜನವರಿ 21, ಮಂಗಳವಾರ

ನಲವತ್ತನಾಲ್ಕು. ನಿನ್ನೆಯ ಮೂವತ್ತೊಂದನ್ನು ಸರಿಪಡಿಸಿದ ಮೇಲೆ.

ಸ್ಪೂರ್ತಿ ಬಂದು ನಿಂತು, "ಸಾರ್, ಅಲ್ಲೊಂದು ಲಾಕ್ ಹಾಕಿದ್ರೆ ಒಪ್ಕೊಳುತ್ತೆ" ಎಂದಳು. ಒಂದು ಥ್ರೆಡ್ ಬರೆದು ಮುಗಿಸುವವರೆಗೆ ಇನ್ನೊಂದು ಬಾಗಿಲಲ್ಲಿ ಕಾಯುವ ವ್ಯವಸ್ಥೆ ಅದು. ಲಾಕ್ ನನಗೆ ಗೊತ್ತಿಲ್ಲವೆ? 2013ರಲ್ಲಿ ಹಾಕಿದ್ದೆ. ಪ್ರೆಸ್ಸಿನ ವೇಗ ಸ್ವಲ್ಪ ಕಡಿಮೆಯಾಗುತ್ತಿತ್ತು, ಆಗಿನ ಎಂ.ಡಿ. ಗೊಣಗಿದರು, ನಾನೇ ತೆಗೆದೆ. ಲಾಕ್ ಇಲ್ಲದೆ ಕೆಲಸ ಮಾಡಿಸಿದ್ದಕ್ಕೆ ಆ ವರ್ಷ ನನಗೆ ಶಾಲು ಹೊದಿಸಿ ಗಂಧದ ಹಾರ ಹಾಕಿದ್ದರು. ಈ ಇತಿಹಾಸವನ್ನೆಲ್ಲ ಆ ಹುಡುಗಿಗೆ ಹೇಳಿದೆ. ತಾಳ್ಮೆಯಿಂದ ಕೇಳಿ, "ತೆಗೆದ್ಮೇಲೆ ಸರಿ ಇದೆ ಅಂತ ಹೇಗೆ ಚೆಕ್ ಮಾಡಿದ್ರಿ ಸಾರ್?" ಎಂದಳು.

"ಓಡಿಸಿ ನೋಡಿದ್ವಿ. ಓಡ್ತು."

"ಓ" ಎಂದಳು. ಆ "ಓ" ನನಗೆ ಹಿಡಿಸಲಿಲ್ಲ.

ಜನವರಿ 22, ಬುಧವಾರ

ಗೆದ್ದೆ!

ಈ ಭಾಷೆಯಲ್ಲಿ "ಅನ್‌ಸೇಫ್" ಎಂಬ ಒಂದು ಪದವಿದೆ. ಅದನ್ನು ಬರೆದು ಆವರಣದೊಳಗೆ ನಮ್ಮ ಸಾಲುಗಳನ್ನು ಹಾಕಿದರೆ ಕಂಪೈಲರ್ ಬಾಯಿ ಮುಚ್ಚುತ್ತದೆ. ಇಲ್ಲಿಂದ ಮುಂದೆ ಹೊಣೆ ನನ್ನದು, ನೀನು ನೋಡಬೇಡ ಎಂದು ಅದಕ್ಕೆ ಹೇಳಿದಂತೆ. ಇಷ್ಟು ಸುಲಭದ ದಾರಿ ಇದ್ದದ್ದನ್ನು ಸ್ಪೂರ್ತಿ ಎರಡು ವಾರ ನನಗೆ ಹೇಳಲೇ ಇಲ್ಲ. ಹಳೆಯ ಪ್ರೋಗ್ರಾಮನ್ನು ಹಾಗೆಯೇ ಎತ್ತಿ ಒಳಗಿಟ್ಟೆ. ತಪ್ಪು: ಸೊನ್ನೆ. ಶಿವರಾಜ್ ಹೆಗಲು ತಟ್ಟಿದರು. ಸಂಜೆ ಮಲ್ಲೇಶ್ವರಕ್ಕೆ ಹೋಗಿ ಒಂದು ಮಸಾಲೆ ದೋಸೆ ತಿಂದೆ. ಉಪ್ಪು ಇತ್ತು.

ಜನವರಿ 23, ಗುರುವಾರ

ಗೆದ್ದದ್ದಕ್ಕೆ ಒಂದು ಸಣ್ಣ ಅಡ್ಡಿ. ನಾನು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಬೇಕು ಎಂಬ ಹೊಸ ನಿಯಮ ಬಂದಿದೆ. ಇನ್ನೊಬ್ಬರು ಎಂದರೆ ಸ್ಪೂರ್ತಿ.

"ಸಾರ್, ಅನ್‌ಸೇಫ್ ಬಳ್ಸಿದೀರ. ತಪ್ಪೇನಿಲ್ಲ. ಆದ್ರೆ ಅದರ ಮೇಲೆ ಒಂದು ಸಾಲು ಕಾಮೆಂಟ್ ಇರ್ಬೇಕು, ಇದು ಯಾಕೆ ಸುರಕ್ಷಿತ ಅಂತ. ಅದು ಪದ್ಧತಿ."

"ಕಂಪೈಲರ್ ಕೇಳಲ್ವಲ್ಲ ಅದನ್ನ?"

"ಕಂಪೈಲರ್ ಕೇಳಲ್ಲ ಸಾರ್, ನಾನು ಕೇಳ್ತೀನಿ. ಒಂದೇ ಸಾಲು. ಕನ್ನಡದಲ್ಲೇ ಬರೀರಿ ಬೇಕಾದ್ರೆ."

ಒಂದು ಸಾಲು! ನಾಳೆ ಬೆಳಿಗ್ಗೆ ಕಾಫಿಗೆ ಮೊದಲು ಬರೆದು ಬಿಸಾಡುತ್ತೇನೆ.

ಜನವರಿ 24, ಶುಕ್ರವಾರ

ಇವತ್ತು ಬರೆಯಲಾಗಲಿಲ್ಲ. ಮೀಟಿಂಗ್ ಇತ್ತು.

ಜನವರಿ 28, ಮಂಗಳವಾರ

ಮೊದಲನೇ ಸಾಲು: "ಹನ್ನೆರಡು ವರ್ಷದಿಂದ ತೊಂದರೆ ಆಗಿಲ್ಲವಾದ್ದರಿಂದ ಸುರಕ್ಷಿತ." ಸ್ಪೂರ್ತಿ ಓದಿ, "ಇದು ಕಾರಣ ಅಲ್ಲ ಸಾರ್, ಸಮಾಧಾನ" ಎಂದಳು.

ಎರಡನೆಯದು: "ಒಂದು ಥ್ರೆಡ್ ಬರೆಯುತ್ತದೆ, ಇನ್ನೊಂದು ಓದುತ್ತದೆ ಅಷ್ಟೆ, ಆದ್ದರಿಂದ ಸುರಕ್ಷಿತ." ಅದಕ್ಕೆ ಆಕೆ ಕೇಳಿದಳು: "ಬರೆಯೋದು ಅರ್ಧ ಆಗಿರೋವಾಗ ಓದಿದ್ರೆ?"

ಮೂರನೆಯದು: "ಓದುವ ಮುನ್ನ ಮಾಹಿತಿ ಹಳೆಯದೋ ಹೊಸದೋ ಎಂದು ಸಮಯ ನೋಡಿ ಪರೀಕ್ಷಿಸುವುದರಿಂದ ಸುರಕ್ಷಿತ." ಇದನ್ನು ಓದಿ ಆಕೆ ಕುರ್ಚಿ ಎಳೆದುಕೊಂಡು ಕೂತು, "ಬರೆಯೋ ಥ್ರೆಡ್ ಮೊದಲು ಯಾವುದನ್ನ ಬರೆಯುತ್ತೆ? ಸಮಯಾನಾ, ಕೈ ಇದೆಯಾ ಇಲ್ವಾ ಅನ್ನೋದನ್ನಾ?" ಎಂದಳು.

ನೋಡಿ ಹೇಳುತ್ತೇನೆ ಎಂದೆ. ನೋಡಬೇಕಿರಲಿಲ್ಲ. ಮೊದಲು ಸಮಯ.

ಜನವರಿ 29, ಬುಧವಾರ

ಗೋಡೆಯಲ್ಲಿ ಒಂದು ಬೋರ್ಡ್ ಇದೆ ಎಂದುಕೊಳ್ಳೋಣ. ಮೇಲೆ ತಾರೀಕು, ಕೆಳಗೆ ಸುದ್ದಿ. ಒಬ್ಬ ಬಂದು ಮೇಲಿನ ತಾರೀಕನ್ನು ಅಳಿಸಿ ಇವತ್ತಿನದು ಬರೆಯುತ್ತಾನೆ. ಕೆಳಗಿನ ಸುದ್ದಿಯನ್ನು ಅವನು ಬದಲಿಸುವ ಮೊದಲೇ ಇನ್ನೊಬ್ಬ ಬಂದು ಓದುತ್ತಾನೆ. ತಾರೀಕು ಇವತ್ತಿನದು, ಸುದ್ದಿ ನಿನ್ನೆಯದು. ಓದಿದವನು ನಿಶ್ಚಿಂತೆಯಿಂದ ನಂಬುತ್ತಾನೆ: ಕೈ ಒಳಗೆ ಬಂದಾಗಿದೆ, ಅವನ ಲೆಕ್ಕದಲ್ಲಿ ಮಾತ್ರ ಇನ್ನೂ "ಕೈ ಇಲ್ಲ".

ಇದು ಬರೀ ಊಹೆ. ಆ ಅಂತರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗವೂ ಇರಲಾರದು. ಅಷ್ಟರಲ್ಲಿ ಯಾರು ಓದಲು ಸಾಧ್ಯ? ಹೀಗೆಂದು ಸ್ಪೂರ್ತಿಗೆ ಹೇಳಿದೆ. "ಹಾಗಾದ್ರೆ ಓಡಿಸಿ ನೋಡೋಣ ಸಾರ್. ನೀವೇ ಹೇಳಿದ್ರಲ್ಲ, ಓಡಿಸಿ ನೋಡಿದ್ವಿ ಅಂತ" ಎಂದಳು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು.

ಜನವರಿ 31, ಶುಕ್ರವಾರ

ಲ್ಯಾಬಿನ ಬೆಂಚಿನ ಮೇಲೆ ನನ್ನ ಹಳೆಯ ಪೆಟ್ಟಿಗೆಯನ್ನೇ ಇಟ್ಟಿದ್ದೇವೆ. ಪ್ರೆಸ್ಸಿನ ಬದಲು ಒಂದು ಹಸಿರು ಬಲ್ಬು. ಕೈಯ ಬದಲು ಮೋಟಾರಿಗೆ ಕಟ್ಟಿದ ರಟ್ಟಿನ ತುಂಡು, ಕಿರಣಗಳ ನಡುವೆ ಹೋಗಿ ಬಂದು ಮಾಡುತ್ತದೆ. ಕೆಂಪು ದೀಪ ನೇರ ಕಿರಣಗಳಿಗೇ ಜೋಡಿಸಿದ್ದು; ಅದು ಉರಿಯುವಾಗಲೇ ಹಸಿರು ಬಲ್ಬೂ ಹೊತ್ತಿದರೆ ಒಂದು ಮೀಟರ್ ಎಣಿಸುತ್ತದೆ. ಇವತ್ತು ಸಂಜೆ ಐದಕ್ಕೆ ಶುರು ಮಾಡಿದೆವು. ಭಾನುವಾರದ ತನಕ ತಾನಾಗಿ ಓಡುತ್ತಿರುತ್ತದೆ. ಮೀಟರಿನ ಮೇಲೆ ಸೊನ್ನೆ. ಸೊನ್ನೆಯಾಗಿಯೇ ಇರುತ್ತದೆ.

ಫೆಬ್ರವರಿ 3, ಸೋಮವಾರ

ಮೂರು.

ಫೆಬ್ರವರಿ 4, ಮಂಗಳವಾರ

ನಿನ್ನೆ ಬೆಳಿಗ್ಗೆ ಸ್ಪೂರ್ತಿ ನನಗಿಂತ ಮೊದಲು ಬಂದಿದ್ದಳು. ಮೀಟರ್ ನೋಡಿ ಯಾರಿಗೂ ಹೇಳದೆ ಲ್ಯಾಬಿನ ಬಾಗಿಲಲ್ಲಿ ನನಗಾಗಿ ಕಾಯುತ್ತಿದ್ದಳು. ನಾನು ನೋಡಿದೆ. ಮೀಟರ್ ಕೆಟ್ಟಿರಬೇಕು ಎಂದೆ. ಬದಲಿಸಿದೆವು. ಇವತ್ತು ಮಧ್ಯಾಹ್ನ ಎರಡೂ ನಲವತ್ತಕ್ಕೆ ನಾನು ಎದುರಿಗೇ ಕೂತಿದ್ದಾಗ ಕೆಂಪು ಉರಿಯುತ್ತಿತ್ತು, ಹಸಿರು ಹೊತ್ತಿಕೊಂಡಿತು. ಕಣ್ಣು ಮಿಟುಕಿಸಿದ್ದರೆ ಕಾಣುತ್ತಿರಲಿಲ್ಲ.

ಗದಿಗೆಪ್ಪನವರ ಪ್ರೆಸ್ ಹಳೆಯದು, ಒಮ್ಮೆ ಇಳಿಯಲು ಹೊರಟರೆ ನಡುವೆ ನಿಲ್ಲುವುದಿಲ್ಲ.

ಕೆಂಪು ದೀಪ ಉರಿಯುತ್ತಿತ್ತು ಎಂದು ಆ ಆಪರೇಟರ್ ಹೇಳಿದ್ದಳು.

ಫೆಬ್ರವರಿ 5, ಬುಧವಾರ

ಶಿವರಾಜ್ ಅವರಿಗೆ ಹೇಳಿದೆ. ಅವರು ಬಾಗಿಲು ಹಾಕಿದರು.

"ಮೂರು ದಿನದಲ್ಲಿ ಮೂರು ಸಲ, ಅದೂ ಲ್ಯಾಬಲ್ಲಿ, ರಟ್ಟಿನ ತುಂಡಿಗೆ. ಇದನ್ನ ಇಟ್ಕೊಂಡು ಎಲ್ಲಿಗೆ ಹೋಗೋದು ಸಂಗಮೇಶ್? ಹೇಗಿದ್ರೂ ಹೊಸ ಪ್ರೋಗ್ರಾಂ ಬರ್ತಿದೆ. ಎಲ್ಲಾ ಪೆಟ್ಟಿಗೆಗೂ ಅದನ್ನೇ ಹಾಕಿ. ವರ್ಷಕ್ಕೊಂದು ಅಪ್‌ಡೇಟ್ ಅಂತ. ಹಳೇದರ ಸುದ್ದಿ ಯಾರಿಗೆ ಬೇಕು?"

ಯೋಚಿಸಿದರೆ ಇದು ಸರಿಯಾಗಿಯೇ ಇದೆ. ಮುಂದೆ ಯಾರಿಗೂ ಏಟಾಗುವುದಿಲ್ಲ, ಕಂಪನಿಗೂ ಕೆಟ್ಟ ಹೆಸರಿಲ್ಲ. ನಾನು ಒಪ್ಪಿದೆ. ತೂಕವಿಟ್ಟು ನೋಡಿಯೇ ಒಪ್ಪಿದೆ, ಹೆದರಿ ಅಲ್ಲ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅನ್‌ಸೇಫ್ ಎಂಬ ಆವರಣವನ್ನು ಅಳಿಸಿದೆ. ಸ್ಪೂರ್ತಿ ತೋರಿಸಿದ ಕ್ರಮದಲ್ಲಿ ಬರೆಯುತ್ತಿದ್ದೇವೆ. ಈಗ ಹಂಚಿಕೊಂಡ ಬೋರ್ಡೇ ಇಲ್ಲ. ಪರದೆ ನೋಡುವ ಥ್ರೆಡ್ ಸಮಯ, ಸ್ಥಿತಿ ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ಇನ್ನೊಂದರ ಕೈಗೆ ಕೊಡುತ್ತದೆ. ಕೊಟ್ಟ ಮೇಲೆ ಆ ಚೀಟಿಯನ್ನು ಅದು ಮುಟ್ಟುವಂತಿಲ್ಲ. ಮುಟ್ಟುವ ಸಾಲನ್ನು ಬೇಕೆಂದೇ ಬರೆದು ನೋಡಿದೆ. "ಕೊಟ್ಟಾಗಿದೆಯಲ್ಲ" ಎಂದಿತು ಕಂಪೈಲರ್. ಇಂಥದ್ದನ್ನೇ ಜನವರಿ ಹದಿನೈದರಂದು ಅದು ಹೇಳಿದಾಗ ನಾನು ಕಿರುಚಿದ್ದೆ.

ಫೆಬ್ರವರಿ 10, ಸೋಮವಾರ

ಹೊಸ ಪ್ರೋಗ್ರಾಂ ಮೂರು ದಿನ ಬೆಂಚಿನ ಮೇಲೆ ಓಡಿತು. ಮೀಟರಿನಲ್ಲಿ ಸೊನ್ನೆ. ಸೊನ್ನೆ ನೋಡಿದರೆ ಮೊದಲಿನಷ್ಟು ಖುಷಿಯಾಗುವುದಿಲ್ಲ.

ಮೊದಲಿಗೆ ಗದಿಗೆಪ್ಪನವರ ಕಾರ್ಖಾನೆಗೆ ಹಾಕಲು ನಾನೇ ಹೋದೆ. ಸಾಮಾನ್ಯವಾಗಿ ಸರ್ವೀಸಿನವರು ಹೋಗುತ್ತಾರೆ. ಅವರಿಗೆ ಬಿಡುವಿರಲಿಲ್ಲ. ಇತ್ತೇನೋ, ನಾನು ಕೇಳಲಿಲ್ಲ.

ಬಾಗಿಲ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದಾರೆ. "ಸುರಕ್ಷತಾ ಪಾಠ: ದಿನಾಂಕ 7-1ರಂದು ಶ್ರೀಮತಿ ಬಸಕ್ಕ ಇವರು ಅಜಾಗರೂಕತೆಯಿಂದ ಪ್ರೆಸ್ಸಿನೊಳಗೆ ಕೈ ಹಾಕಿ ಗಾಯಗೊಂಡಿರುತ್ತಾರೆ. ಕಂಟ್ರೋಲ್ ಕಂಪನಿಯ ತಜ್ಞರು ಯಂತ್ರದಲ್ಲಿ ದೋಷವಿಲ್ಲವೆಂದು ಖಚಿತಪಡಿಸಿರುತ್ತಾರೆ." ಪ್ರತಿ ಪಾಳಿಯ ಮೊದಲು ಸೂಪರ್‌ವೈಸರ್ ಇದನ್ನು ಓದಿ ಹೇಳುತ್ತಾನಂತೆ. ದಿನಕ್ಕೆ ಎರಡು ಸಲ, ಒಂದು ತಿಂಗಳಿಂದ.

ತಜ್ಞರು ಎಂದರೆ ನಾನು.

ಬಸಕ್ಕನವರನ್ನು ಪ್ರೆಸ್ಸಿಗೆ ವಾಪಸು ತೆಗೆದುಕೊಂಡಿಲ್ಲ. ಗಾಯ ಮಾಗಿದ ಮೇಲೆ ಗುಡಿಸುವ ಕೆಲಸಕ್ಕೆ ಬರಬೇಕೆಂದು ಹೇಳಿದ್ದಾರೆ.

ಫೆಬ್ರವರಿ 12, ಬುಧವಾರ

ನೀಲಾಂಬಿಕಾ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಏನೂ ಹೇಳಬಾರದು ಎಂದುಕೊಂಡಿದ್ದವನು ಎಲ್ಲಾ ಹೇಳಿದೆ. ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು.

"ಆಕಿ ಏನಂದ್ಲು?" ಎಂದಳು.

"ಯಾರು?"

"ಆ ಹೆಣ್ಮಗಳು. ಬಸಕ್ಕ. ಏನಾತು ಅಂತ ಆಕೀನ ಯಾರರ ಕೇಳೀರೇನು?"

ಇಲ್ಲ. ಸೂಪರ್‌ವೈಸರ್ ನನ್ನನ್ನು ಕೇಳಿದ, ನಾನು ಪ್ರೋಗ್ರಾಮನ್ನು ಕೇಳಿದೆ. ನನ್ನ ಪ್ರೋಗ್ರಾಂ ಆದ್ದರಿಂದ ಅದನ್ನೂ ಕೇಳಲಿಲ್ಲ.

"ಹುಡುಗೂರು ಲೆಕ್ಕದ ಉತ್ತರ ಸರಿ ಬರದ್ರೂ ನಾ ದಾರಿ ನೋಡಿ ಮಾರ್ಕ್ಸ್ ಕೊಡ್ತೀನಿ" ಎಂದಳು. "ನೀವು ದಾರೀನೂ ನೋಡಿಲ್ಲ." ಮತ್ತೆ ಪೆನ್ನು ಎತ್ತಿಕೊಂಡಳು.

ಇವತ್ತು ಯಾರ ಮೇಲೂ ಸಿಟ್ಟು ಬರಲಿಲ್ಲ. ಆದರೂ ಒಂದು ಪುಟ ತುಂಬಿದೆ. ಡಾಕ್ಟರಿಗೆ ಹೇಳಬೇಕು, ಈ ಔಷಧಿ ಅಡ್ಡದಾರಿ ಹಿಡಿಯುತ್ತಿದೆ ಎಂದು.

ಫೆಬ್ರವರಿ 16, ಭಾನುವಾರ

ತಿಗಳರಪಾಳ್ಯಕ್ಕೆ ಹೋಗಿದ್ದೆ. ಸ್ಪೂರ್ತಿ ತಾನೂ ಬರುತ್ತೇನೆ ಎಂದಳು, ಬೇಡವೆಂದೆ.

ಸಾಲಾಗಿ ಎಂಟು ಕೋಣೆಗಳು, ಎದುರಿಗೆ ಒಂದೇ ನಲ್ಲಿ. ಬಸಕ್ಕನವರದು ಮೂರನೆಯದು. ಸಿಂಧನೂರು ಕಡೆಯವರು. ಗಂಡ ಕೊಟ್ರಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದರು. ಸುಮಾರು ನಲವತ್ತು ವರ್ಷದ ಹೆಂಗಸು, ಗಟ್ಟಿ ದನಿ. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಬಲಗೈಯಿಂದ ಚಾಪೆ ಹಾಸಿದರು.

ನಾನು ಯಾರೆಂದು ಹೇಳಿದೆ. ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಬರೆದವನು, ದೋಷವಿಲ್ಲವೆಂದು ಪತ್ರ ಕೊಟ್ಟವನು. ಬೈಯುತ್ತಾರೆ ಎಂದುಕೊಂಡಿದ್ದೆ. "ಕುಂದರ್ರಿ" ಎಂದರು.

"ಆ ದಿನ ಏನಾಯ್ತು ಹೇಳ್ತೀರಾ?"

"ಪೀಸ್ ಇಟ್ಟು ಕೈ ತಗದೀನ್ರಿ. ನೋಡಿದ್ರ ಪೀಸ್ ಸೊಟ್ಟ ಕುಂತಿತ್ತು. ಸರಿ ಮಾಡೂಣು ಅಂತ ಮತ್ತ ಕೈ ಹಾಕೀನಿ. ದೀಪ ಕೆಂಪಾತು. ಕೆಂಪಾತಲ್ಲ, ಇನ್ನ ಇಳಿಯೂದಿಲ್ಲ ಅಂತ ಧೈರ್ಯ. ಏಳು ವರ್ಷ ಆ ದೀಪ ನಂಬೇ ಕೆಲಸ ಮಾಡೀನ್ರಿ. ಕೆಂಪ ಇದ್ದಾಗ್ಲೇ ಬಂತು."

ನಾನು ಬೋರ್ಡು, ತಾರೀಕು, ಸುದ್ದಿ ಎಲ್ಲವನ್ನೂ ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ ಎನಿಸಿತು. ಕೊನೆಗೆ, "ನಿಮ್ಮದೇನೂ ತಪ್ಪಿಲ್ಲ" ಎಂದೆ.

ಬಸಕ್ಕನವರು ಎದ್ದು ಚಹಕ್ಕೆ ನೀರಿಟ್ಟರು.

"ಅದು ನನಗ ಅವತ್ತೇ ಗೊತ್ತಿತ್ತಲ್ರೀ. ದವಾಖಾನಿಗೆ ಹೋಗೂ ಮುಂದ ಆಟೋದಾಗ ಕುಂತ ಹೇಳೀನಿ. ನಿಮಗ ಗೊತ್ತಾಗಿ ಬಂದು ಹೇಳಾಕ ಎಷ್ಟು ದಿನ ಹಿಡೀತು?"

ಲೆಕ್ಕ ಹಾಕಿದೆ. "ನಲವತ್ತು."

"ನನ್ನ ಮುಂದ ಬಂದು ಹೇಳಿದ್ರ ಏನ್ ಬಂತ್ರೀ? ದಿನಾ ಮುಂಜಾನಿ ನನ್ನ ಹೆಸರು ಓದತಾರ. ಬಾಜೂ ಖೋಲಿ ನೀಲವ್ವ ಬಂದು ಹೇಳತಾಳ, ನನ್ನ ಹೆಸರು ಬಂದಾಗ ಹೊಸ ಹುಡುಗ್ಯಾರು ನಗತಾರಂತ. ಹೇಳೂದಿದ್ರ ಅಲ್ಲಿ ಹೇಳ್ರಿ."

ಚಹ ಕೊಟ್ಟರು. ಸಕ್ಕರೆ ಜಾಸ್ತಿ ಇತ್ತು. ಪೂರ್ತಿ ಕುಡಿದೆ.

ಫೆಬ್ರವರಿ 17, ಸೋಮವಾರ

ಮೊದಲ ಪತ್ರಕ್ಕೆ ಹತ್ತು ನಿಮಿಷ ಹಿಡಿದಿತ್ತು. ಇದಕ್ಕೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. "ದೋಷ ಪ್ರೋಗ್ರಾಮಿನದು, ಬರೆದವನು ನಾನು, ಜನವರಿ 8ರ ನನ್ನ ಪತ್ರವನ್ನು ಪರೀಕ್ಷೆ ಮಾಡದೆ ಕೊಟ್ಟಿದ್ದೆ." ಮೊದಲು "ಬರೆಯಲ್ಪಟ್ಟಿದೆ", "ಕೊಡಲ್ಪಟ್ಟಿದೆ" ಎಂದು ಬರೆದಿದ್ದೆ. ಸ್ಪೂರ್ತಿಗೆ ತೋರಿಸಿದೆ. "ಯಾರಿಂದ ಸಾರ್?" ಎಂದು ಪೆನ್ಸಿಲಿನಲ್ಲಿ ಪಕ್ಕದಲ್ಲಿ ಗುರುತು ಹಾಕಿದಳು. ಮೂರು ಕಡೆ.

ಗದಿಗೆಪ್ಪನವರಿಗೆ ಒಂದು ಪ್ರತಿ, ಕಾರ್ಖಾನೆಗಳ ಇಲಾಖೆಗೆ ಒಂದು, ಹಳೆಯ ಪೆಟ್ಟಿಗೆ ಇರುವ ಪ್ರತಿಯೊಬ್ಬ ಗಿರಾಕಿಗೂ ಒಂದೊಂದು. ಹೊಸ ಪ್ರೋಗ್ರಾಂ ಹಾಕುವವರೆಗೆ ಯಂತ್ರ ನಿಲ್ಲಿಸಿ ಎಂದು. ಕಳಿಸಿದ ಮೇಲೆ ಶಿವರಾಜ್ ಅವರಿಗೆ ಹೇಳಿದೆ. ಮೊದಲು ಹೇಳಿದ್ದರೆ ಅವರು ಬೇಡವೆನ್ನುತ್ತಿದ್ದರು, ನಾನು ಮತ್ತೆ ತೂಕವಿಟ್ಟು ನೋಡಿ ಒಪ್ಪುತ್ತಿದ್ದೆ.

ಫೆಬ್ರವರಿ 18, ಮಂಗಳವಾರ

ಫೋನುಗಳು. ಬಿ.ಪಿ. ನೋಡಿಕೊಂಡಿಲ್ಲ.

ಶಿವರಾಜ್ ಅವರು ಇಷ್ಟು ಜೋರಾಗಿ ಮಾತಾಡಿದ್ದನ್ನು ಕೇಳಿರಲಿಲ್ಲ. "ಹನ್ನೆರಡು ವರ್ಷದ ಹೆಸರು ಸಂಗಮೇಶ್! ಒಂದು ಹಾಳೇಲಿ ಮುಗಿಸಿಬಿಟ್ರಲ್ಲ!" ಪುಣೆ ಪಾರ್ಟಿ ಹಿಂದೆ ಸರಿದಿದೆ. ಮತ್ತೊಂದು ಫೋನು ಬಂತು, ಎತ್ತಿದೆ.

ಫೆಬ್ರವರಿ 24, ಸೋಮವಾರ

ಸಾಫ್ಟ್‌ವೇರ್ ವಿಭಾಗಕ್ಕೆ ಇನ್ನು ಮುಂದೆ ಸ್ಪೂರ್ತಿ ಮುಖ್ಯಸ್ಥೆ. ನಾನು ಅವಳ ಕೈಕೆಳಗೆ. ನನ್ನ ಕ್ಯಾಬಿನ್ ಅವಳಿಗೆ ಹೋಯಿತು. ಅದರ ಎ.ಸಿ. ಎರಡು ವರ್ಷದಿಂದ ನೀರು ಸೋರುತ್ತದೆ. ನಾನು ಹೇಳಿಲ್ಲ, ಗೊತ್ತಾಗಲಿ.

ಅವಳು ಬಂದು ನಿಂತು, "ಸಾರ್, ನಾನು ಕೇಳಿದ್ದಲ್ಲ ಇದು" ಎಂದಳು.

"ಗೊತ್ತಮ್ಮಾ. ಇವತ್ತು ಬರೆದಿದ್ದನ್ನ ನೋಡಿ ಕೊಡು. ನೀನು ನೋಡದೆ ಹೊರಗೆ ಹೋಗೋದು ಬೇಡ" ಎಂದೆ. ನಿಯಮ ನಿಯಮವೇ, ಅದರಲ್ಲಿ ಹೆಚ್ಚು ಓದಿಕೊಳ್ಳುವಂಥದ್ದೇನಿಲ್ಲ. ಹನ್ನೆರಡು ಕಡೆ ಗುರುತು ಹಾಕಿ ಕೊಟ್ಟಳು. ಅದರಲ್ಲಿ ಹನ್ನೊಂದು ಗುರುತು ಸರಿಯಾಗಿದ್ದವು.

ನೂರ ಎಂಬತ್ತು ಪೆಟ್ಟಿಗೆಗಳಿಗೆ ಹೊಸದು ಹಾಕಿಯಾಗಿದೆ. ಬಿಟ್ಟುಹೋಗುತ್ತಾರೆ ಎಂದುಕೊಂಡಿದ್ದ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಹೋಗಿಲ್ಲ. ಉಳಿದ ಕಾಲು ಪಾಲು ಹೋಗಿದ್ದಾರೆ.

ಮಾರ್ಚ್ 3, ಸೋಮವಾರ

ಬಸಕ್ಕನವರು ಕೇಳಿದಂತೆ ಅಲ್ಲೇ ಹೇಳಲು ಗದಿಗೆಪ್ಪನವರು ಕೊನೆಗೂ ಒಪ್ಪಿದರು. ಬೆಳಿಗ್ಗೆಯ ಪಾಳಿ ಶುರುವಾಗುವ ಮುನ್ನ, ಸುಮಾರು ಐವತ್ತು ಜನರ ಎದುರು, ದಿನವೂ ಸೂಪರ್‌ವೈಸರ್ ನಿಲ್ಲುವ ಜಾಗದಲ್ಲಿ ನಿಂತೆ. ಬರೆದುಕೊಂಡು ಹೋಗಿದ್ದೆ. ಕನ್ನಡಕ ಜೇಬಿನಲ್ಲೇ ಉಳಿಯಿತು.

"ಬಸಕ್ಕನವರ ತಪ್ಪಿಲ್ಲ. ಕೆಂಪು ದೀಪ ಇದ್ದಾಗಲೇ ಪ್ರೆಸ್ ಇಳಿದದ್ದು. ಆ ಪೆಟ್ಟಿಗೆಯೊಳಗಿನ ತಪ್ಪು ನನ್ನದು. ಅವರು ಅವತ್ತೇ ಹೇಳಿದ್ದರು, ನಾನು ಕೇಳಲಿಲ್ಲ." ಅಷ್ಟೇ ಆದದ್ದು. ನಾಲ್ಕು ವಾಕ್ಯ. ಸೂಪರ್‌ವೈಸರ್ ಹಾಳೆಯನ್ನು ಬೋರ್ಡಿನಿಂದ ಕಿತ್ತ. ಅಂಟು ಗಟ್ಟಿಯಾಗಿತ್ತು, ಒಂದು ಮೂಲೆ ಅಲ್ಲೇ ಉಳಿದಿದೆ.

ಬಸಕ್ಕನವರು ಬಾಗಿಲ ಹತ್ತಿರ ನಿಂತಿದ್ದರು. ಇವತ್ತಿನಿಂದ ಪ್ರೆಸ್ ಸಾಲಿನ ತಪಾಸಣೆ ಅವರದು, ಒತ್ತಿದ ಪೀಸುಗಳನ್ನು ನೋಡಿ ಸರಿಯಿದ್ದದ್ದನ್ನು ಬಿಟ್ಟು ಕೆಟ್ಟದ್ದನ್ನು ತೆಗೆಯುವ ಕೆಲಸ. ಎಡಗೈ ಸೆರಗಿನ ಹೊರಗಿತ್ತು.

ಹಿಂದಿನ ಸಾಲಿನಿಂದ ಒಬ್ಬಾಕೆ ಕೇಳಿದರು: "ಹೊಸಾ ಪೆಟ್ಟಿಗಿದೂ ನೀವೇ ಬರದೀರೇನ್ರಿ?"

"ಹೌದು. ಈ ಸಲ ಬೇರೆಯವರು ನೋಡಿದ್ದಾರೆ. ಯಂತ್ರವೂ ನೋಡಿದೆ" ಎಂದೆ. ಇನ್ನೂ ಹೇಳುತ್ತಿದ್ದೆ, ಲಾಕ್ ಇಲ್ಲದೆ ಎರಡು ಥ್ರೆಡ್ ಒಂದೇ ಮಾಹಿತಿ ಮುಟ್ಟುವುದನ್ನು ಈ ಭಾಷೆ ಬಿಡುವುದೇ ಇಲ್ಲವೆಂದು. ಐವತ್ತು ಮುಖಗಳನ್ನು ನೋಡಿ ನಿಲ್ಲಿಸಿದೆ.

ಯಾರೂ ಪ್ರೆಸ್ಸಿನ ಮುಂದೆ ಹೋಗಿ ಕೂರಲಿಲ್ಲ. ಸೂಪರ್‌ವೈಸರ್ ಗಡಿಯಾರ ನೋಡಿದ. ಬಸಕ್ಕನವರು ತಗಡಿನ ಪೀಸುಗಳ ಟ್ರೇ ತಂದು ಸ್ಟೂಲಿನ ಪಕ್ಕ ಇಟ್ಟರು.

"ಮೊದಲ ನೀವ ಕುಂದರ್ರಿ ಸರ್" ಎಂದರು.

ಹನ್ನೆರಡು ವರ್ಷದಲ್ಲಿ ನಾನು ಆ ಸ್ಟೂಲಿನ ಮೇಲೆ ಕೂತಿರಲಿಲ್ಲ. ಕೂತರೆ ಪ್ರೆಸ್ಸಿನ ಬಾಯಿ ಎದೆಯ ಮಟ್ಟಕ್ಕೆ ಬರುತ್ತದೆ, ಎಣ್ಣೆ ಕಾದ ವಾಸನೆ. ಪೀಸ್ ಇಟ್ಟೆ. ಕೆಂಪು. ಕೈ ತೆಗೆದೆ. ಇಳಿಯಿತು, ನೆಲ ನಡುಗಿತು. ಎರಡನೆಯದಕ್ಕೆ ಕೈ ಹಾಕಿ ಸುಮ್ಮನೆ ಅಲ್ಲೇ ಇಟ್ಟೆ. ಕೆಂಪು ಉರಿಯುತ್ತಲೇ ಇತ್ತು, ಮೇಲಿನ ಉಕ್ಕು ಮೇಲೆಯೇ ಇತ್ತು. ನನಗೆ ಲೆಕ್ಕ ಗೊತ್ತು. ಇದು ಇಳಿಯಲು ಸಾಧ್ಯವೇ ಇಲ್ಲವೆಂದು ನಾನು ಹಾಳೆಯ ಮೇಲೆ ತೋರಿಸಬಲ್ಲೆ. ಆದರೂ ಅಂಗೈ ಬೆವೆತು ಪೀಸ್ ಜಾರಿತು.

ನಾಲ್ಕನೆಯದೋ ಐದನೆಯದೋ ಹಾಕುವಾಗ ಪಕ್ಕದ ಪ್ರೆಸ್ಸಿನ ಸದ್ದು ಶುರುವಾಯಿತು. ಆಮೇಲೆ ಅದರಾಚೆಯದು.

ಟೀ ಗಂಟೆಯವರೆಗೆ ಅರವತ್ತೊಂದು ಪೀಸ್ ಹಾಕಿದೆ. ಬಸಕ್ಕನವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಒಂಬತ್ತನ್ನು ರಿಜೆಕ್ಟ್ ಡಬ್ಬಿಗೆ ಹಾಕಿದರು. ಅದರಲ್ಲಿ ಮೂರು ಸರಿಯಾಗೇ ಇದ್ದವು ಎಂದು ನನ್ನ ವಾದ. ಅವರು ಒಪ್ಪಲಿಲ್ಲ.